ಲ್ಯಾಬ್ ಟೆಕ್ನಿಷಿಯನ್ ಕೋರ್ಸ್: ಕಟ್ಟಡ ಬಿಡಿ, ಸ್ಯಾಂಪಲ್ ರೂಮ್ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ಒಬ್ಬ ಹುಡುಗಿ ನಮ್ಮ ಲ್ಯಾಬಿಗೆ ಬಂದಿದ್ದಳು. ಕೊಡಗಿನ ಸಿದ್ದಾಪುರ ಕಡೆಯವಳು. ಅಪ್ಪ ಅಮ್ಮ ಇಬ್ಬರಿಗೂ ತೋಟದ ಕೆಲಸ. ರಕ್ತ ಕೊಡಲು ಬಂದವಳಲ್ಲ. ಬೆಳಗಿನ ರಶ್ ಮುಗಿಯುವವರೆಗೂ ಬೆಂಚಿನ ಮೇಲೆ ಸುಮ್ನೆ ಕೂತಿದ್ದು, ಆಮೇಲೆ ಫೋನ್ ತೆಗೆದು ತೋರಿಸಿದಳು.

‘ಅಕ್ಕ, ಇದಕ್ಕೆ ಸೇರಬಹುದಾ?’

ಅದೊಂದು ಜಾಹೀರಾತು. ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ, ಕೆಲಸ ಗ್ಯಾರಂಟಿ ಅಂತ ಇತ್ತು. ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಮುಂದೆ ನಗುತ್ತಿರುವ ಹುಡುಗಿಯ ಫೋಟೋ ಬೇರೆ. ಬೇಡಮ್ಮಾ ಅಂದೆ. ಯಾಕೆ ಅಂತ ಕೇಳಿದಳು. ಅವಳಿಗೆ ಅವತ್ತು ಹೇಳಿದ್ದನ್ನು, ಹೇಳಲು ಆಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡ ಮನೆಗಳು ಈಗ ತುಂಬಾ ಇವೆ.

ಮೊದಲು ದಾರಿ ಯಾವುದು ಅಂತ ನೋಡೋಣ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಎರಡು ನೇರ ದಾರಿಗಳಿವೆ. ಒಂದು, ಅರೆವೈದ್ಯಕೀಯ ಮಂಡಳಿಯ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ. ಎಲ್ಲರ ಬಾಯಲ್ಲೂ ಇರುವ ಹೆಸರು ಡಿಎಂಎಲ್‌ಟಿ. ಪಿಯುಸಿ ಸೈನ್ಸ್ ಮಾಡಿದವರಿಗೆ ಸುಮಾರು ಎರಡು ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಸುಮಾರು ಮೂರು ವರ್ಷ, ಇದು ಈವರೆಗೆ ನಡೆದುಬಂದ ಲೆಕ್ಕ. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಎಂಎಲ್‌ಟಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪ್ಯಾಥಾಲಜಿ, ಮೈಕ್ರೋಬಯಾಲಜಿ. ಡಿಪ್ಲೊಮಾ ಮುಗಿಸಿದವರು ಅದೇ ವಿಷಯದ ಬಿಎಸ್ಸಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ದುಡ್ಡಿನ ತಾಪತ್ರಯ ಇರುವ ಮನೆಗಳಿಗೆ ಇದು ಒಳ್ಳೆಯ ಏಣಿ. ಮೊದಲು ಡಿಪ್ಲೊಮಾ ಮಾಡಿ, ಒಂದೆರಡು ವರ್ಷ ದುಡಿದು, ಆಮೇಲೆ ಡಿಗ್ರಿಗೆ ಹೋದವರನ್ನು ನಾನು ಕಂಡಿದ್ದೇನೆ.

ಆರು ತಿಂಗಳ ಸರ್ಟಿಫಿಕೇಟು ಈ ಎರಡು ದಾರಿಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮೊದಲು ಅದನ್ನೇ ಇಟ್ಟುಕೊಂಡು ಸಣ್ಣ ಲ್ಯಾಬುಗಳಲ್ಲಿ ಹೇಗೋ ನಡೆಯುತ್ತಿತ್ತು. ಇನ್ನು ಮುಂದೆ ಅದು ಕಷ್ಟ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಪಾಸು ಮಾಡಿತು. ಡಾಕ್ಟರಿಗೆ, ನರ್ಸಿಗೆ ಹಿಂದಿನಿಂದಲೂ ಕೌನ್ಸಿಲ್ ಇತ್ತು, ರಿಜಿಸ್ಟ್ರೇಷನ್ ನಂಬರ್ ಇತ್ತು. ರಕ್ತ ಪರೀಕ್ಷೆ ಮಾಡುವ ನಮಗೆ ದೇಶದ ಮಟ್ಟದಲ್ಲಿ ಏನೂ ಇರಲಿಲ್ಲ. ಈ ಕಾಯ್ದೆಯ ಪಟ್ಟಿಯಲ್ಲಿ ಹತ್ತು ಗುಂಪುಗಳಿವೆ, ಮೊದಲ ಗುಂಪೇ ಲ್ಯಾಬಿನವರದು. ಟೆಕ್ನಿಷಿಯನ್ ಅನ್ನಿಸಿಕೊಳ್ಳಲು ಕಡಿಮೆ ಅಂದರೂ 2000 ಗಂಟೆಗಳ ಓದು ಬೇಕು, ಅದೂ ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿಕೊಂಡಿರಬೇಕು ಅಂತ ಅದರಲ್ಲಿ ಬರೆದಿದೆ. ರಾಜ್ಯಗಳು ತಮ್ಮ ಕೌನ್ಸಿಲ್ ಮಾಡಲು ತಡ ಮಾಡಿದವು. 2024ರಲ್ಲಿ ಸುಪ್ರೀಂ ಕೋರ್ಟೇ ಬೇಗ ಮುಗಿಸಿ ಅಂತ ತಾಕೀತು ಮಾಡಬೇಕಾಯಿತು. ಕೆಲಸ ನಿಧಾನ, ನಿಜ. ಆದರೆ ಇವತ್ತು ಕೋರ್ಸಿಗೆ ಸೇರುವ ಹುಡುಗಿ ಹೊರಗೆ ಬರುವಾಗ ರಿಜಿಸ್ಟ್ರೇಷನ್ ಕೇಳುವ ಕಾಲಕ್ಕೇ ಬರುತ್ತಾಳೆ. ಆರು ತಿಂಗಳ ಕಾಗದ ಹಿಡಿದುಕೊಂಡು ಅವಳು ಎಲ್ಲಿ ನಿಲ್ಲಬೇಕು ಹೇಳಿ.

ಹಾಗಂತ 2000 ಗಂಟೆ ಅಂದ ಕೂಡಲೇ ಎಲ್ಲಾ ಸರಿಯಾಯಿತು ಅಂದುಕೊಳ್ಳಬೇಡಿ. ಆ ಗಂಟೆಗಳು ಎಲ್ಲಿ ಕಳೆದವು ಅನ್ನೋದೇ ನನ್ನ ಪ್ರಶ್ನೆ. ಕ್ಲಾಸ್‌ರೂಮಿನಲ್ಲಿ ಕೂತು ನೋಟ್ಸ್ ಬರೆದು ಕಳೆದವಾ, ಇಲ್ಲ ನಿಜವಾದ ರೋಗಿಯ ತೋಳಿನ ಮುಂದೆ, ನಿಜವಾದ ಸ್ಲೈಡಿನ ಮುಂದೆ ಕಳೆದವಾ?

ಮಷೀನು ಎಣಿಸಿದ್ದು, ಕಣ್ಣು ಕಂಡದ್ದು

‘ಈಗ ಎಲ್ಲಾ ಮಷೀನೇ ಮಾಡುತ್ತಲ್ವಾ, ಇನ್ನು ಟೆಕ್ನಿಷಿಯನ್‌ಗೆ ಏನು ಕೆಲಸ?’ ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ಮಳೆಗಾಲ, ಡೆಂಗ್ಯೂ ಜ್ವರದ ಸಮಯ. ಜ್ವರ ಬಂದ ಒಬ್ಬರ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ, ಹಾಕಿದೆ. ಪ್ಲೇಟ್‌ಲೆಟ್ 42,000 ಅಂತ ಮಷೀನು ತೋರಿಸಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ಅದು, ಈ ಸಂಖ್ಯೆ ತೀರಾ ಕಡಿಮೆ. ಪಕ್ಕದಲ್ಲಿ ಎಚ್ಚರಿಕೆಯ ಗುರುತೂ ಬಂದಿತ್ತು. ಹೊರಗೆ ಸಾಲು ಉದ್ದ ಇತ್ತು, ನಾನು ಪ್ರಿಂಟ್ ತೆಗೆದು ಕೊಟ್ಟುಬಿಟ್ಟೆ. ಮನೆಯವರು ಹೆದರಿ ಆ ರಾತ್ರಿಯೇ, ಸುರಿಯುವ ಮಳೆಯಲ್ಲಿ, ಗಾಡಿ ಮಾಡಿಕೊಂಡು ರೋಗಿಯನ್ನು ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ಮತ್ತೆ ನೋಡಿದಾಗ ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿತ್ತು.

ಆಗಿದ್ದು ಇಷ್ಟು. ಸಿಬಿಸಿಗೆ ರಕ್ತ ಹಿಡಿಯುವ ಪರ್ಪಲ್ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ತಡೆಯುತ್ತದೆ. ಆದರೆ ಕೆಲವರ ರಕ್ತದಲ್ಲಿ ಇದೇ ಇಡಿಟಿಎಯಿಂದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮಷೀನು ಎಣಿಸುವುದು ಗಾತ್ರ ನೋಡಿ. ಹತ್ತು ಪ್ಲೇಟ್‌ಲೆಟ್ ಸೇರಿ ಆದ ಗುಡ್ಡೆ ಅದರ ಲೆಕ್ಕದಲ್ಲಿ ಪ್ಲೇಟ್‌ಲೆಟ್ಟೇ ಅಲ್ಲ. ಹಾಗಾಗಿ ಸಂಖ್ಯೆ ಕುಸಿಯುತ್ತದೆ. ಒಂದು ಹನಿ ರಕ್ತವನ್ನು ಸ್ಲೈಡಿನ ಮೇಲೆ ಎಳೆದು, ಲೀಶ್ಮನ್ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಆ ಸ್ಮಿಯರಿನ, ಅಂದರೆ ಎಳೆದ ರಕ್ತದ ಪದರದ, ಬಾಲದ ಕಡೆ ನೋಡಿದ್ದರೆ ಗುಡ್ಡೆಗಳು ಕಣ್ಣಿಗೆ ಹೊಡೆದು ಕಾಣುತ್ತಿದ್ದವು. ಆಗ ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದರೆ ಸರಿಯಾದ ಲೆಕ್ಕ ಸಿಗುತ್ತಿತ್ತು. ಸಿಟ್ರೇಟ್ ಟ್ಯೂಬಿನಲ್ಲಿ ಹತ್ತರಲ್ಲಿ ಒಂದು ಪಾಲು ದ್ರವವೇ ಇರುತ್ತದೆ, ಅದಕ್ಕೆ ಈ ಗುಣಾಕಾರ. ಇಪ್ಪತ್ತು ನಿಮಿಷದ ಕೆಲಸ.

ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಓದುವಾಗ ಅಂಥ ಒಂದು ಸ್ಮಿಯರನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನೋಡಿರದಿದ್ದರೆ ಕೈ ತಾನಾಗಿ ಸ್ಲೈಡಿನ ಕಡೆ ಹೋಗುವುದಿಲ್ಲ. ಆ ಕುಟುಂಬದ ಒಂದು ರಾತ್ರಿಯ ಭಯಕ್ಕೆ ನಾನು ಕಾರಣ ಅನ್ನೋದು ಇವತ್ತಿಗೂ ಮನಸ್ಸಿನಲ್ಲಿದೆ.

ಒಳ್ಳೆಯ ತರಬೇತಿ ಅಂದರೆ ನನ್ನ ಪಾಲಿಗೆ ಇದು. ಮಷೀನಿನ ಬಟನ್ ಒತ್ತುವುದನ್ನು ಎರಡು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ಅದು ಹೇಳಿದ್ದನ್ನು ಯಾವಾಗ ನಂಬಬಾರದು ಅನ್ನೋದನ್ನು ಕಲಿಯಲು ನೂರಾರು ಸ್ಲೈಡು ನೋಡಿರಬೇಕು. ದಿನಾ ಬೆಳಿಗ್ಗೆ ರೋಗಿಯ ಸ್ಯಾಂಪಲ್‌ಗಿಂತ ಮೊದಲು ಕಂಟ್ರೋಲ್, ಅಂದರೆ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್, ಹಾಕಿ, ಬಂದ ಸಂಖ್ಯೆಯನ್ನು ಚಾರ್ಟಿನಲ್ಲಿ ಗುರುತು ಮಾಡಿ, ಗೆರೆ ಮೆಲ್ಲಗೆ ಒಂದೇ ಕಡೆ ಜಾರುತ್ತಿದೆಯಾ ಅಂತ ನೋಡುವ ಅಭ್ಯಾಸ ಮೈಗೆ ಹತ್ತಿರಬೇಕು. ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಹಾಕುವುದು ಅನ್ನುತ್ತೇವೆ ಇದಕ್ಕೆ. ಇದನ್ನು ದಿನಾ ಮಾಡುವ ಲ್ಯಾಬಿನಲ್ಲಿ ಕಲಿತವರನ್ನೂ ತಪಾಸಣೆ ಇದ್ದ ದಿನ ಮಾತ್ರ ಮಾಡುವ ಕಡೆ ಕಲಿತವರನ್ನೂ ಒಂದೇ ವಾರದಲ್ಲಿ ಗುರುತು ಹಿಡಿಯಬಹುದು.

ನಮ್ಮ ಊರಿನ ಮಳೆ, ನಮ್ಮ ಊರಿನ ಕಾಫಿ

ಲ್ಯಾಬಿನ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಗುವುದು ಸ್ಯಾಂಪಲ್ ಮಷೀನಿಗೆ ಹೋಗುವ ಮುಂಚೆಯೇ. ರಕ್ತ ತೆಗೆಯುವಾಗ, ಹೆಸರು ಬರೆಯುವಾಗ, ಇಡುವಾಗ, ಸಾಗಿಸುವಾಗ. ಇದು ಪ್ರಪಂಚದ ಎಲ್ಲಾ ಕಡೆ ಇರುವ ಮಾತು. ಕೊಡಗಿನಲ್ಲಿ ಅದಕ್ಕೆ ನಮ್ಮದೇ ಕಾರಣಗಳು ಒಂದಷ್ಟು ಸೇರುತ್ತವೆ.

ಜುಲೈ ತಿಂಗಳ ಬೆಳಿಗ್ಗೆ ಏಳೂವರೆ ಅಂದುಕೊಳ್ಳಿ. ತೋಟದಿಂದ ಒಬ್ಬ ಅಜ್ಜಿ ಬಂದಿದ್ದಾರೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಬಸ್ಸಿಳಿದು, ನೆನೆದುಕೊಂಡೇ. ತೋಳು ಮಂಜುಗಡ್ಡೆಯ ಹಾಗಿದೆ. ಚಳಿಗೆ ನರ ಒಳಗೆ ಸೇರಿಕೊಂಡಿದೆ, ಬೆರಳಿಗೆ ಸಿಗುತ್ತಿಲ್ಲ. ಕಲಿಯದವರು ಏನು ಮಾಡುತ್ತಾರೆ? ತೋಳಿಗೆ ಕಟ್ಟಿದ ಪಟ್ಟಿಯನ್ನು ಇನ್ನೂ ಬಿಗಿದು, ಎರಡು ಮೂರು ನಿಮಿಷ ಹಾಗೇ ಬಿಟ್ಟು, ತಟ್ಟಿ ತಟ್ಟಿ, ಎರಡು ಕಡೆ ಚುಚ್ಚುತ್ತಾರೆ. ಸಿಕ್ಕಿದ ರಕ್ತವನ್ನು ಸಿರಿಂಜಿನಿಂದ ಜೋರಾಗಿ ಟ್ಯೂಬಿಗೆ ತಳ್ಳುತ್ತಾರೆ. ಕೆಂಪು ಕಣ ಒಡೆದು ಸೀರಂ, ಅಂದರೆ ರಕ್ತದ ತಿಳಿಭಾಗ, ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕಿಡ್ನಿ, ಹೃದಯ ಅಂತ ಡಾಕ್ಟರ್ ತಲೆ ಕೆಡಿಸಿಕೊಳ್ಳುತ್ತಾರೆ.

ಕಲಿತವರು ಮೊದಲು ಅಜ್ಜಿಗೆ ಒಳಗೆ ಬೆಚ್ಚಗೆ ಹತ್ತು ನಿಮಿಷ ಕೂರಲು ಹೇಳುತ್ತಾರೆ. ಬಿಸಿನೀರಿನ ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಇಡುತ್ತಾರೆ. ಕೈ ಕೆಳಗೆ ಇಳಿಬಿಡಲು ಹೇಳುತ್ತಾರೆ. ಪಟ್ಟಿ ಕಟ್ಟಿದರೆ ಒಂದು ನಿಮಿಷ ಮೀರುವುದಿಲ್ಲ. ಒಂದೇ ಸಲಕ್ಕೆ ರಕ್ತ ಬರುತ್ತದೆ, ಅಜ್ಜಿಗೆ ನೋವೂ ಕಡಿಮೆ.

ಇನ್ನು ಕಾಫಿ. ಫಾಸ್ಟಿಂಗ್ ಶುಗರ್‌ಗೆ ಬಂದವರನ್ನು ‘ಏನಾದರೂ ತಿಂದ್ರಾ?’ ಅಂತ ಕೇಳಿದರೆ ‘ಇಲ್ಲಪ್ಪ, ಏನೂ ಇಲ್ಲ’ ಅನ್ನುತ್ತಾರೆ. ಸುಳ್ಳಲ್ಲ ಅದು. ಎದ್ದ ಕೂಡಲೇ ಕುಡಿದ ಬೆಲ್ಲದ ಕಾಫಿ ನಮ್ಮ ಕಡೆ ತಿನ್ನುವ ಲೆಕ್ಕಕ್ಕೆ ಬರುವುದಿಲ್ಲ. ‘ಕಾಫಿ ಕುಡಿದ್ರಾ?’ ಅಂತ ಬೇರೆಯಾಗಿ ಕೇಳಬೇಕು. ಬೇರೆ ಜಿಲ್ಲೆಯಿಂದ ಬಂದ ಟೆಕ್ನಿಷಿಯನ್‌ಗೆ ಇದು ಗೊತ್ತಾಗಲು ಒಂದು ವರ್ಷ ಬೇಕು. ಭಾಷೆಯೂ ಹಾಗೆ. ಒಂದೇ ಬೆಳಿಗ್ಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ಮಾತು, ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರ ಹಿಂದಿ, ಎಲ್ಲಾ ಕಿವಿಗೆ ಬೀಳುತ್ತವೆ. ಪೊನ್ನಮ್ಮ ಅನ್ನುವವರು ಇಬ್ಬರು, ಲಕ್ಷ್ಮಿ ಅನ್ನುವವರು ಮೂವರು ಒಟ್ಟಿಗೆ ಕೂತಿರುತ್ತಾರೆ. ಮನೆ ಹೆಸರು, ವಯಸ್ಸು ಕೇಳಿ, ಅವರ ಎದುರೇ, ರಕ್ತ ತೆಗೆದ ಮೇಲೆ ಅಲ್ಲೇ ಟ್ಯೂಬಿನ ಮೇಲೆ ಬರೆಯಬೇಕು. ಟ್ಯೂಬಿಗೆಲ್ಲಾ ಮೊದಲೇ ಹೆಸರು ಬರೆದು ಸಾಲಾಗಿ ಇಟ್ಟುಕೊಳ್ಳುವ ಅಭ್ಯಾಸ ಕೆಲವು ಕಡೆ ಇದೆ. ಅದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ.

ದೂರದ ವಿಷಯವೂ ಇದೆ. ಈಚೆಗೆ ನಮ್ಮ ಪೇಟೆಗಳಲ್ಲಿ ಪೂರ್ತಿ ಲ್ಯಾಬುಗಳಿಗಿಂತ ಕಲೆಕ್ಷನ್ ಸೆಂಟರ್‌ಗಳು ಜಾಸ್ತಿಯಾಗುತ್ತಿವೆ. ರಕ್ತ ಇಲ್ಲಿ ತೆಗೆದು, ಪರೀಕ್ಷೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಾಡುವುದು. ದರ ಕಡಿಮೆ, ಪರೀಕ್ಷೆಯ ಪಟ್ಟಿ ಉದ್ದ, ಜನರಿಗೆ ಅನುಕೂಲವೇ. ಆದರೆ ಗೋಣಿಕೊಪ್ಪದಿಂದ ಹುಣಸೂರಿನ ಮೇಲೆ ಮೈಸೂರು ಮುಟ್ಟಲು ಎರಡು ಎರಡೂವರೆ ಗಂಟೆ. ಗಾಡಿ ಹೊರಡುವವರೆಗೆ ಕಾದ ಸಮಯ ಬೇರೆ. ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕದೆ ಸಾದಾ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ, ರಕ್ತಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಂ ಬೇರೆ ಮಾಡದೆ ಇಡೀ ರಕ್ತವನ್ನೇ ಐಸ್ ಪೆಟ್ಟಿಗೆಯಲ್ಲಿ ಇಟ್ಟರೆ ಪೊಟ್ಯಾಸಿಯಂ ಏರುತ್ತದೆ. ಇಡೀ ರಕ್ತ ತಣ್ಣಗಿದ್ದರೆ ಒಳ್ಳೆಯದು ಅಂದುಕೊಂಡು ಮಾಡುವ ತಪ್ಪು ಇದು. ಹಾಗಾಗಿ ಕಲೆಕ್ಷನ್ ಸೆಂಟರಿನಲ್ಲಿ ಕೂರುವವರಿಗೆ ತರಬೇತಿ ಕಡಿಮೆ ಸಾಕು ಅನ್ನುವ ಲೆಕ್ಕಾಚಾರ ಪೂರ್ತಿ ತಲೆಕೆಳಗು. ರಕ್ತ ದೂರ ಹೋದಷ್ಟೂ ಅದನ್ನು ತೆಗೆದ ಕೈಗೆ ಹೆಚ್ಚು ಗೊತ್ತಿರಬೇಕು.

ದಾರಿ ಇದ್ದರೆ ಇಷ್ಟು. ದಾರಿಯೇ ಇಲ್ಲದಿದ್ದರೆ? 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಜೋಡುಪಾಲ, ಮಕ್ಕಂದೂರು ಕಡೆಯ ರಸ್ತೆಗಳು ಕಿತ್ತುಹೋದದ್ದನ್ನು ನಾವು ಮರೆತಿಲ್ಲ. ಕೋವಿಡ್ ಶುರುವಾದಾಗ ನಮ್ಮ ಜಿಲ್ಲೆಯ ಗಂಟಲ ದ್ರವ ಮೈಸೂರಿಗೆ ಹೋಗಿ ಫಲಿತಾಂಶ ಬರುವವರೆಗೆ ಕಾದ ದಿನಗಳೂ ನೆನಪಿವೆ. ಮಡಿಕೇರಿಯಲ್ಲೇ ಪರೀಕ್ಷೆ ಶುರುವಾದ ಮೇಲೆ ಎಷ್ಟು ಜೀವ ಹಗುರಾಯಿತು! ಮಷೀನು ತರಬಹುದು, ಅದರ ಮುಂದೆ ನಿಲ್ಲುವವರು ಇಲ್ಲಿಯವರೇ ಆಗಿದ್ದರೆ ರಸ್ತೆ ಮುಚ್ಚಿದ ದಿನವೂ ಲ್ಯಾಬ್ ತೆರೆದಿರುತ್ತದೆ.

ಹಾಡಿಗಳ, ಅಂದರೆ ಬುಡಕಟ್ಟು ಜನರ ವಸತಿಗಳ, ಮಾತು ಇದಕ್ಕೇ ಸೇರಿದ್ದು. 2023ರ ಜುಲೈ 1ರಂದು ದೇಶದಲ್ಲಿ ಸಿಕಲ್ ಸೆಲ್ ರಕ್ತಹೀನತೆ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ, ವಂಶದಲ್ಲಿ ಬರುವ ಕಾಯಿಲೆ) ನಿರ್ಮೂಲನೆಯ ಯೋಜನೆ ಶುರುವಾಯಿತು. ಬುಡಕಟ್ಟು ಪ್ರದೇಶಗಳ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ನೋಡುವುದು, 2047ರೊಳಗೆ ಈ ಕಾಯಿಲೆಯನ್ನು ಇಲ್ಲದಂತೆ ಮಾಡುವುದು ಗುರಿ. ಕರ್ನಾಟಕವೂ ಇದರಲ್ಲಿದೆ. ಎರವರು, ಜೇನುಕುರುಬರು, ಬೆಟ್ಟಕುರುಬರು ಇರುವ ನಮ್ಮ ಜಿಲ್ಲೆಯಲ್ಲಿ ಬೆರಳು ಚುಚ್ಚಿ ಮೊದಲ ಪರೀಕ್ಷೆ ಮಾಡುವವರು ಆ ಹಾಡಿಯ ಮಾತು ಬಲ್ಲವರಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಯೋಚಿಸಿ. ‘ರಕ್ತ ಯಾಕೆ ತೆಗೀತೀರಿ?’ ಅನ್ನುವ ಪ್ರಶ್ನೆಗೆ ಅವರದೇ ಮಾತಿನಲ್ಲಿ ಉತ್ತರ ಸಿಕ್ಕಿದರೆ ಜನ ಕೈ ಮುಂದೆ ಮಾಡುತ್ತಾರೆ. ಹಾಡಿಯಿಂದ ಪಿಯುಸಿ ಮುಗಿಸಿದ ಮಕ್ಕಳು ಈ ಕೋರ್ಸಿಗೆ ಬರಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸೇರುವ ಮುಂಚೆ ಕೇಳಬೇಕಾದ್ದು

ಕಾಲೇಜಿಗೆ ಹೋದರೆ ಪ್ರಿನ್ಸಿಪಾಲರ ಕೋಣೆಯಲ್ಲೇ ಕೂತು ಬಂದುಬಿಡಬೇಡಿ. ಅರೆವೈದ್ಯಕೀಯ ಮಂಡಳಿಯ ಇಲ್ಲವೇ ವಿಶ್ವವಿದ್ಯಾಲಯದ ಮಾನ್ಯತೆ ಈ ವರ್ಷಕ್ಕೆ ಇದೆಯಾ ಅಂತ ಕಾಗದ ನೋಡಿ. ಹೋದ ವರ್ಷದ್ದು ಸಾಲದು. ಆಮೇಲೆ ಕೇಳಬೇಕಾದ ಮುಖ್ಯ ಪ್ರಶ್ನೆ: ನಿಮ್ಮ ಮಕ್ಕಳು ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಹೋಗುತ್ತಾರೆ? ಆ ಆಸ್ಪತ್ರೆಯ ಸ್ಯಾಂಪಲ್ ರೂಮಿಗೆ ಬೆಳಿಗ್ಗೆ ಎಂಟು ಗಂಟೆಗೆ ಒಮ್ಮೆ ಹೋಗಿ ನಿಂತು ನೋಡಿ. ಸಾಲು ಇದೆಯಾ? ರಕ್ತ ತೆಗೆಯುವಾಗ ವಿದ್ಯಾರ್ಥಿ ಪಕ್ಕದಲ್ಲಿ ನಿಂತು ನೋಡುತ್ತಾನಾ, ಹಿರಿಯರ ಕಣ್ಣೆದುರು ತಾನೇ ತೆಗೆಯುತ್ತಾನಾ, ಇಲ್ಲ ಬರೀ ರಿಜಿಸ್ಟರ್ ಬರೆಯುತ್ತಾ ಕೂತಿದ್ದಾನಾ? ಅಲ್ಲಿರುವ ಮಕ್ಕಳನ್ನೇ ಕೇಳಿದರೆ ನಿಜ ಹೇಳುತ್ತಾರೆ. ರಕ್ತನಿಧಿ ಇರುವ ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು, ಕೊಡುವವರ ರಕ್ತ ರೋಗಿಗೆ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಕಲಿಯಲು ಅದಕ್ಕಿಂತ ಬೇರೆ ಜಾಗ ಇಲ್ಲ.

ಹೆಪಟೈಟಿಸ್ ಬಿ ಲಸಿಕೆ ಕೊಟ್ಟ ಮೇಲೇ ಸೂಜಿ ಕೈಗೆ ಕೊಡುತ್ತಾರಾ ಅಂತಲೂ ಕೇಳಿ. ಮೂರು ಡೋಸ್, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿ ಕೈಗೆ ಚುಚ್ಚಿದರೆ ಯಾರಿಗೆ ಹೇಳಬೇಕು, ಔಷಧಿ ಎಲ್ಲಿ ಸಿಗುತ್ತದೆ ಅನ್ನುವುದು ಗೋಡೆಯ ಮೇಲೆ ಬರೆದಿರಬೇಕು. ಎಚ್ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೇಗಿದ್ದರೂ 72 ಗಂಟೆಯೊಳಗೆ ಶುರು ಮಾಡಬೇಕು. ಹೆದರಿಸಲು ಹೇಳುತ್ತಿಲ್ಲ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮನಿಗೆ ಇದು ಗೊತ್ತಿರಬೇಕು.

ಸಂಬಳದ ಬಗ್ಗೆ ಸುಳ್ಳು ಆಸೆ ಹುಟ್ಟಿಸಲಾರೆ. ಖಾಸಗಿ ಲ್ಯಾಬಿನಲ್ಲಿ ಶುರುವಿನ ವರ್ಷಗಳು ಬಿಗಿಯಾಗಿಯೇ ಇರುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಗುತ್ತಿಗೆ ಹುದ್ದೆಗಳು ಬರುತ್ತಿರುತ್ತವೆ, ಕಾಯಂ ನೇಮಕಾತಿಗೆ ಕಾಯಬೇಕು. ಕೋರ್ಸ್ ಮುಗಿಸಿ ಸ್ವಂತ ಲ್ಯಾಬ್ ಹಾಕುತ್ತೇನೆ ಅನ್ನುವವರಿಗೂ ಒಂದು ಮಾತು. ಕರ್ನಾಟಕದಲ್ಲಿ ಅದಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ರಿಪೋರ್ಟಿಗೆ ಪ್ಯಾಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ಡಾಕ್ಟರ್ ಸಹಿ ಇರಬೇಕು ಅಂತ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಯದಾಗಿ ನಮ್ಮ ಜಿಲ್ಲೆಯ ಜವಾಬ್ದಾರಿ ಇರುವವರಿಗೆ ಒಂದು ಕೇಳಿಕೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅದಕ್ಕೆ ಸೇರಿದ ಜಿಲ್ಲಾಸ್ಪತ್ರೆ ಇದೆ. ವಿರಾಜಪೇಟೆ, ಸೋಮವಾರಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಲ್ಯಾಬ್ ಕೋರ್ಸ್ ಮಾಡುವ ಕೊಡಗಿನ ಮಕ್ಕಳು ಎಲ್ಲೇ ಓದುತ್ತಿರಲಿ, ಅವರ ಇಂಟರ್ನ್‌ಶಿಪ್ಪಿನ ಕೆಲವು ತಿಂಗಳನ್ನಾದರೂ ಈ ಆಸ್ಪತ್ರೆಗಳಲ್ಲಿ ಮಾಡುವ ಹಾಗೆ ವ್ಯವಸ್ಥೆ ಆಗಲಿ. ಸ್ಟೈಪೆಂಡ್ ಕೊಡಿ, ಉಳಿಯಲು ಒಂದು ಕೋಣೆ ಕೊಡಿ. ರೈಲು ಇಲ್ಲದ ಜಿಲ್ಲೆ ನಮ್ಮದು. ಕುಟ್ಟದ ಹುಡುಗಿ ದಿನಾ ಬಸ್ಸಿನಲ್ಲಿ ಮಡಿಕೇರಿಗೆ ಬಂದು ಏಳೂವರೆಗೆ ಸ್ಯಾಂಪಲ್ ರೂಮಿನಲ್ಲಿ ನಿಲ್ಲಲಾರಳು. ಒಮ್ಮೆ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕಲಿತು ಅಲ್ಲೇ ಕೆಲಸಕ್ಕೆ ಒಗ್ಗಿಕೊಂಡವರು ವಾಪಸು ಬರುವುದು ಕಡಿಮೆ, ಅದನ್ನು ನಾವೆಲ್ಲಾ ನೋಡುತ್ತಲೇ ಇದ್ದೇವಲ್ವಾ.

ಸಿದ್ದಾಪುರದ ಆ ಹುಡುಗಿಗೆ ಅವತ್ತು ಒಂದು ಹಳೆಯ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಿಕೊಂಡು ನೋಡಲು ಹೊರಟಳು. ಎರಡೂ ಕಣ್ಣು ತೆರೆದೇ ನೋಡು ಅಂದೆ. ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, ‘ಅಕ್ಕ, ಮಧ್ಯದಲ್ಲಿ ನೇರಳೆ ಬಣ್ಣದ್ದು ಪುಡಿ ಪುಡಿ ಒಟ್ಟಿಗೆ ಅಂಟಿಕೊಂಡಿದೆ, ಅದು ಏನು?’ ಅಂದಳು.

ಪ್ಲೇಟ್‌ಲೆಟ್ ಗುಡ್ಡೆ ಅದು.